ಮುಚ್ಚಳದೊಳಗಿನ ಶಾಸನ

೧೯೯೬ನೇ ನವೆಂಬರ್ ೨೪, ರವಿವಾರ. ಆಧಾರ: ಕಾರಿನ ಆಂಪ್ಲಿಫಾಯರೊಂದರ ಮುಚ್ಚಳದ ಒಳಮೈ. ತೇದಿಗೂ ವಾರಕ್ಕೂ ತಾಳೆಯಿದೆಯೇ ಎಂದು ಆ ವರ್ಷದ ಪಂಚಾಂಗದಲ್ಲಿ ನೋಡಿಕೊಂಡಿದ್ದೇನೆ, ಇದೆ. ತೇದಿಯ ಕೆಳಗೆ ನನ್ನದೇ ಕೈಬರಹದಲ್ಲಿ, ಪೆನ್ಸಿಲಿನಿಂದ ಬರೆದ ಒಂದೇ ಪದ: ಮೈಕಾ. ಅಪರಿಚಿತರು ಅದನ್ನು ಯಾವುದೋ ಬಿಡಿಭಾಗದ ಹೆಸರೆಂದು ಓದಿ ಮುಚ್ಚಳ ಹಾಕಿಬಿಟ್ಟಾರು. ಮಿತ್ರರಾದ ನಿಮಗೆ ಹೇಳಬಹುದು: ಏಳು ತಿಂಗಳು ಮಾತಿಲ್ಲದೆ ಇದ್ದ ನನ್ನ ಅಣ್ಣನ ಬಾಯಿಂದ ಬಂದ ಮೊದಲ ಮಾತು ಅದು. ಕಳೆದ ವಾರದವರೆಗೆ ನಾನು ಹಾಗೆಂದೇ ನಂಬಿದ್ದೆ.

ಡೊಂಬಿವಲಿಯ ನನ್ನ ಮನೆಯಲ್ಲಿ ಎಂದೂ ಕಾರಿರಲಿಲ್ಲ. ಕಾರಿನ ಆಂಪ್ಲಿಫಾಯರು ಮಾತ್ರ ಇದೆ. ಇಟ್ಟಿಗೆಗಿಂತ ತುಸು ಅಗಲವಾದ, ಬಿಸಿಯನ್ನು ಗಾಳಿಗೆ ಬಿಟ್ಟುಕೊಡಲು ಮೈತುಂಬ ಅಲ್ಯೂಮಿನಿಯಂ ರೆಕ್ಕೆಗಳನ್ನು ಹೊತ್ತ ಆ ಡಬ್ಬಿ ನನ್ನ ಲೇಖನಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಕುಳಿತಿರುತ್ತದೆ. ಅದರ ಕಸುಬಾದರೂ ಸರಳವಾದದ್ದು: ಟೇಪಿನಿಂದ ಬರುವ ಕ್ಷೀಣವಾದ ಧ್ವನಿಗೆ ಬ್ಯಾಟರಿಯ ಬಲವನ್ನು ಸೇರಿಸಿ ಸ್ಪೀಕರಿಗೆ ದಾಟಿಸುವುದು. ಕ್ಷೀಣವಾದದ್ದು ಏನೇ ಇರಲಿ, ಹಾಡಾಗಲಿ ಬರೀ ಗೊರಗೊರವಾಗಲಿ, ಅದು ಭೇದವೆಣಿಸದು. ಸವೆದ ಶಿಲಾಶಾಸನಗಳಲ್ಲಿ ಅಕ್ಷರ ಯಾವುದು, ಬಿರುಕು ಯಾವುದು ಎಂದು ಬೇರ್ಪಡಿಸುವುದರಲ್ಲೇ ಆಯುಷ್ಯ ಕಳೆದ ನನಗೆ ಈ ನಿರ್ವಿಕಾರ ಔದಾರ್ಯ ಮೊದಲು ವಿಚಿತ್ರವೆನಿಸಿತ್ತು. ಈಗ ಅಸೂಯೆ ಹುಟ್ಟಿಸುತ್ತದೆ.

ಅಣ್ಣನಿಗೆ ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಕಾರ್ ಟೇಪು, ಆಂಪ್ಲಿಫಾಯರುಗಳನ್ನು ರಿಪೇರಿ ಮಾಡುವ ಅಂಗಡಿಯಿತ್ತು. ಅದರ ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಅವನ ಹೆಂಡತಿ, ನನ್ನ ವೈನಿಯೂ ಇದ್ದರು. ಧಾರವಾಡದಿಂದ ಒಂದೇ ಟ್ರಂಕು ಹಿಡಿದು ಬಂದ ನಾವಿಬ್ಬರು ಸಹೋದರರು ಮೂರು ಸ್ಟೇಷನ್ನುಗಳ ಅಂತರದಲ್ಲಿ ನೆಲೆಸಿ, ದೀಪಾವಳಿಗೂ ಮದುವೆಗಳಿಗೂ ಮಾತ್ರ ಮುಖ ನೋಡುವಷ್ಟು ದೂರವಾಗಿದ್ದೆವು. ಜಗಳವೇನೂ ಇರಲಿಲ್ಲ, ಲೋಕಲ್ ಗಾಡಿಯ ಊರುಗಳಲ್ಲಿ ಬಾಂಧವ್ಯಗಳು ಜಗಳವಿಲ್ಲದೆಯೂ ತೆಳುವಾಗುತ್ತವೆ. ನಾನು ನಿವೃತ್ತನಾದ ಮರುತಿಂಗಳೇ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಡಿದ್ದೆಲ್ಲ ಅರ್ಥವಾಗುತ್ತಿತ್ತು, ಆಡಲು ಪದ ಸಿಗುತ್ತಿರಲಿಲ್ಲ. ಮನಸ್ಸು ಮಾಡಿದರೆ ಮಾತು ಮರಳಬಹುದು ಎಂದು ಠಾಣೆ ಶಹರದ ಡಾಕ್ಟರು ಹೇಳಿದರು. ಆ ಮನಸ್ಸೇ ಅವನಲ್ಲಿ ಉಳಿದಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಅಂಗಡಿಯ ಶಟರು ಎತ್ತಲೂ ಬಿಡುತ್ತಿರಲಿಲ್ಲ, ಎರಡು ತುತ್ತಿನ ಮೇಲೆ ಉಣ್ಣುತ್ತಲೂ ಇರಲಿಲ್ಲ.

ನಾನು ರವಿವಾರಗಳಲ್ಲಿ ಹೋಗತೊಡಗಿದೆ. ಮೊದಲ ಸಲ ಟಿಟವಾಳಾ ಲೋಕಲ್ ಹತ್ತಿ, ಕಲ್ಯಾಣದಾಚೆ ಹಳಿ ಕವಲೊಡೆಯುವುದನ್ನು ಮರೆತು, ಬೇರೆ ಕವಲಿನ ಶಹಾಡದಲ್ಲಿ ಇಳಿದವನು ನಾನು. ಅಣ್ಣನ ಮನೆಯ ದಾರಿ ನನಗೆಷ್ಟು ಪರಿಚಿತವಾಗಿತ್ತೆಂಬುದಕ್ಕೆ ಬೇರೆ ಆಧಾರ ಬೇಕಿಲ್ಲ. ಹೋಗಿ ಪಕ್ಕದಲ್ಲಿ ಕುಳಿತರೆ ಆಡುವುದೇನು? ಒಂದು ಕಡೆಯಿಂದ ಮಾತ್ರ ನಡೆಯುವ ಸಂಭಾಷಣೆ ಬೇಗ ಬತ್ತುತ್ತದೆ.

ಜೂನಿನ ಒಂದು ರವಿವಾರ ಶರಣಪ್ಪ ಬಂದ. ಕಲಬುರಗಿ ಕಡೆಯವನು, ದಿನಾ ಬೆಳಗ್ಗೆ ಬೇಲಾಪುರದ ಕಚೇರಿಗಳಿಗೆ ನೌಕರರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ಈ ಆಂಪ್ಲಿಫಾಯರು ಅವನದು.

“ಮಾಲಕರ್ಗಿ ಆರಾಮಿಲ್ಲ ಅಂತ ಗೊತ್ತದರಿ,” ಎಂದು ಬಾಗಿಲಲ್ಲೇ ನಿಂತು ವೈನಿಗೆ ಹೇಳಿದ. “ಆದ್ರ ಬೇಲಾಪುರ ಮಟಾ ಹಾಡಿಲ್ಲಂದ್ರ ಸಾಹೇಬ್ರು ನನ್ನ ಮಾತಾಡ್ಸಾಕ ಹತ್ತತಾರ್ರಿ. ಅದು ತಡ್ಕೊಳಾಕ ಆಗಂಗಿಲ್ಲ.”

ನಾನು ಡಬ್ಬಿಯನ್ನು ಈಸಿಕೊಂಡು, ಬೆಂಚಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿ, “ಅಣ್ಣಾ, ನಾ ಬಿಚ್ಚಲೇನು?” ಎಂದು ಸುಮ್ಮನೆ ಕೇಳಿದೆ. ಗೋಡೆಯತ್ತ ಇದ್ದ ಮುಖ ತಿರುಗಿತು. ಶಾಸನ ಓದುವವನ ಕೈಯಲ್ಲಿ ತನ್ನ ಸ್ಕ್ರೂಡ್ರೈವರನ್ನು ಕಂಡ ಆ ಕಣ್ಣುಗಳಲ್ಲಿ ಹುಟ್ಟಿದ ಗಾಬರಿ, ಅಷ್ಟು ವಾರಗಳಲ್ಲಿ ನಾನು ಅಲ್ಲಿ ಕಂಡ ಮೊದಲ ಜೀವಕಳೆ. ಎಡ ಮೊಣಕೈ ಊರಿ ಅವನು ಎದ್ದು ಕುಳಿತ. ಅವತ್ತು ಸುಟ್ಟಿದ್ದು ಬರೀ ಫ್ಯೂಜು. ಆದರೆ ನನಗೆ ದಾರಿ ಸಿಕ್ಕಿತು: ನಾನು ತಪ್ಪುತ್ತಿರುವಷ್ಟು ಕಾಲ ಅವನು ಮಲಗಲಾರ.

ಹಾಗೆ ನನ್ನ ವಿದ್ಯಾಭ್ಯಾಸ ಪ್ರಾರಂಭವಾಯಿತು. ಗುರು ಮೂಕ, ಶಿಷ್ಯ ಅರವತ್ತರ ಸಮೀಪದವನು. ಮುಚ್ಚಳ ತೆಗೆದರೆ ಒಳಗೆ ಹಸಿರು ಹಲಗೆ, ಅದರ ಬೆನ್ನಿನಲ್ಲಿ ತಾಮ್ರದ ಗೆರೆಗಳು. ತಾಮ್ರಪಟಗಳನ್ನು ಓದಿ ಬಾಳಿದವನಿಗೆ ಕೊನೆಗಾಲದಲ್ಲಿ ಇನ್ನೊಂದು ಲಿಪಿಯ ತಾಮ್ರಪಟ ಒದಗಿತ್ತು. ಇಲ್ಲಿ ದಾನ ಕೊಟ್ಟವರು, ಪಡೆದವರು ಎಲ್ಲರೂ ವೋಲ್ಟುಗಳು. ಅಣ್ಣನ ಎಡಗೈಯ ತೋರುಬೆರಳು ಒಂದು ಭಾಗದ ಮೇಲೆ ಇಳಿದರೆ ಅದನ್ನು ಅಳೆಯಬೇಕು. ಬೆರಳು ಎರಡು ಸಲ ತಟ್ಟಿದರೆ ತೆಗೆಯಬೇಕು. ಬೆರಳು ಮುಷ್ಟಿಯಾದರೆ ಸೋಲ್ಡರಿಂಗ್ ಐರನ್ ಕೆಳಗಿಟ್ಟು ಚಹಾ ಕುಡಿಯಬೇಕು. ಬೆಸುಗೆಯ ರಾಳದ ಹೊಗೆ ಕೋಣೆಯಲ್ಲಿ ತುಂಬಿಕೊಳ್ಳುತ್ತಿತ್ತು. ರಿಪೇರಿಯಾದ ಪ್ರತಿಯೊಂದರ ಮುಚ್ಚಳದೊಳಗೆ ತೇದಿ ಬರೆಯುವುದು ಅಣ್ಣನ ಹಳೆಯ ಪದ್ಧತಿ. ಆ ಕೆಲಸವೊಂದನ್ನು ನಾನು ಯಾರೂ ಹೇಳಿಕೊಡದೆ ಚೆನ್ನಾಗಿ ಮಾಡುತ್ತಿದ್ದೆ.

“ವಾಸು, ಸಾವಿರ ವರ್ಷದ ಕಲ್ಲು ಓದ್ತಿ,” ವೈನಿ ಕಪ್ಪು ಇಡುತ್ತ ಅನ್ನುತ್ತಿದ್ದರು, “ಮೊನ್ನಿ ಮೊನ್ನಿನ ಡಬ್ಬಿ ಓದ್ಲಿಕ್ಕೆ ಬರವಲ್ತೇನು ನಿನಗ?” ನಾನು ಶಾಲೆಯಲ್ಲಿದ್ದಾಗ ನಮ್ಮ ಮನೆ ತುಂಬಿದವರು ಅವರು, ನನ್ನನ್ನು ಹಂಗಿಸುವ ಅಧಿಕಾರ ಅವರಿಗೆ ಅಂದಿನಿಂದ ಇತ್ತು. ಆ ಮಾತಿಗೆ ಅಣ್ಣನ ತುಟಿಯ ಎಡತುದಿ ಮೇಲೇರುತ್ತಿತ್ತು.

ಶರಣಪ್ಪನ ಡಬ್ಬಿ ಕಾರ್ತಿಕದಲ್ಲಿ ಮರಳಿ ಬಂತು. ಈ ಸಲ ಟ್ರಾನ್ಸಿಸ್ಟರೇ ಸುಟ್ಟಿತ್ತು. ಕಾದು ಕೆಂಡವಾಗುವ ಆ ಭಾಗವನ್ನು ಅಲ್ಯೂಮಿನಿಯಂ ಮೈಗೆ ಬಿಗಿಯುವಾಗ ನಡುವೆ ಉಗುರಿಗಿಂತ ತೆಳುವಾದ ಅಭ್ರಕದ ಹಾಳೆಯೊಂದನ್ನು ಇಡಬೇಕು. ಕಸುಬಿನವರು ಅದನ್ನು ಮೈಕಾ ಎನ್ನುತ್ತಾರೆ. ಅದು ಬಿಸಿಯನ್ನು ದಾಟಲು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ನಾನು ಹೊಸದನ್ನು ಕೂಡಿಸಿದೆ, ಬಿಗಿದೆ, ಬೆಸೆದೆ, ಹಾಳೆಯನ್ನೇ ಮರೆತಿದ್ದೆ. ಕೆಂಪು ತಂತಿಯನ್ನು ಬ್ಯಾಟರಿಗೆ ಮುಟ್ಟಿಸಲು ಕೈ ಚಾಚಿದಾಗ ಬೆನ್ನ ಹಿಂದೆ ಒಂದು ಧ್ವನಿ ಕೇಳಿತು, ತುಕ್ಕು ಹಿಡಿದ ಶಟರು ಗೇಣುದ್ದ ಎದ್ದಂತೆ.

“ಮೈಕಾ.”

ನನ್ನ ಕೈ ಅಲ್ಲೇ ನಿಂತಿತು. ವೈನಿ ಒದ್ದೆ ಕೈಯಲ್ಲೇ ಒಳಗಿನಿಂದ ಬಂದರು. “ಏನಂದ್ರಿ?”

“ಮೈಕಾ,” ಎಂದ ಅಣ್ಣ, ನನ್ನತ್ತ ಬೊಟ್ಟು ಮಾಡಿ.

“ನೋಡಪಾ ವಾಸು. ದೇವರ ಹೆಸರಿಲ್ಲ, ಹೆಂಡತಿ ಹೆಸರಿಲ್ಲ. ಇಷ್ಟು ದಿನ ಬಾಯಿ ಮುಚ್ಚಿ ಕೂತು, ತೆರದ ಕೂಡ್ಲೆ ಅಂದದ್ದು ಮೈಕಾ ಅಂತ,” ಎಂದು ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪೆನ್ಸಿಲ್ ತೆಗೆದುಕೊಂಡು ಮುಚ್ಚಳದಲ್ಲಿ ತೇದಿಯನ್ನೂ ಆ ಪದವನ್ನೂ ಬರೆದೆ. ಮುಂದೆ ಜೀಪು ಮಾರಿದಾಗ ಶರಣಪ್ಪ ಡಬ್ಬಿಯನ್ನು ನನಗೇ ಕೊಟ್ಟುಹೋದ. ಅಣ್ಣನಿಗೆ ಮಾತು ತರಿಸಿದವನು ನಾನು ಎಂಬ ಈ ಕಥೆಯನ್ನು ಅದರ ಆಧಾರದ ಮೇಲೆ ಎಷ್ಟೋ ಕಡೆ ಹೇಳಿಕೊಂಡು ಬಂದಿದ್ದೇನೆ.

ಈ ಪ್ರಬಂಧಕ್ಕಾಗಿ ಕಳೆದ ವಾರ ಅಣ್ಣನ ಪರೀಕ್ಷೆಯ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಅದರ ಮೊದಲ ಬದಿಯಲ್ಲಿ ಅವನೇ ತುಂಬಿಸಿಟ್ಟ ಡೋಲು, ಸನಾದಿ. ರಿಪೇರಿಯಾದದ್ದನ್ನೆಲ್ಲ ಅದನ್ನು ಹಾಕಿಯೇ ಕೇಳುತ್ತಿದ್ದೆವು. ಇನ್ನೊಂದು ಬದಿ ಖಾಲಿಯೆಂದು ತಿಳಿದಿದ್ದೆ. ಹಳೆಯ ಕಾರ್ ಟೇಪನ್ನು ಇದೇ ಆಂಪ್ಲಿಫಾಯರಿಗೆ ಜೋಡಿಸಿ, ತಿರುಗಿಸಿ ಹಾಕಿದೆ. ಗೊರಗೊರದ ನಡುವಿನಿಂದ ವೈನಿಯ ಧ್ವನಿ ಬಂತು.

“ಇದೇನ್ರಿ?”

ಬಹಳ ಹೊತ್ತಿನ ಮೇಲೆ, “ಚಾ.”

“ಹೌದು. ನಾ ಯಾರು?”

ಇನ್ನೂ ಹೆಚ್ಚು ಹೊತ್ತಿನ ಮೇಲೆ, “ಕ...ಮಲಿ.”

“ಅಯ್ಯ, ಲಗ್ನ ಆದಾಗಿಂದ ಒಂದ ದಿನಾ ಹೆಸರು ಹಿಡದು ಕರದವರಲ್ಲ, ಈಗ ಕರೀತೀರಿ.”

“ವಾಸ್ಯಾ... ಬರ್ತಾನ?”

“ಬರ್ತಾನ. ಅವನ ಮುಂದ ಸದ್ಯಕ್ಕ ಸುಮ್ನಿರ್ರಿ. ಮಾತು ಬಂತು ಅಂದ್ರ, ಅಣ್ಣ ಆರಾಮಾದ ಅಂತ ತನ್ನ ಕಲ್ಲು ಹುಡುಕ್ಕೋತ ಹೋಗಿಬಿಡ್ತಾನ ಅಂವಾ.”

ಅಣ್ಣ ನಕ್ಕದ್ದು ಕೇಳಿಸುತ್ತದೆ. ಮಾತಿನ ಅಭ್ಯಾಸಕ್ಕೆಂದು ವೈನಿ ಮುದ್ರಿಸಿಕೊಂಡಿರಬೇಕು. ಹಿನ್ನೆಲೆಯಲ್ಲಿ ತಾಶೆ, ಹಲಗೆ ವಾದ್ಯಗಳ ಸದ್ದು; ಮುಂದಿನ ವರ್ಷ ಬೇಗ ಬಾ ಎಂದು ಗಣಪತಿಯನ್ನು ಬೀಳ್ಕೊಡುವ ಮರಾಠಿ ಕೂಗು. ಹಿಂದಿನ ವರ್ಷದ ಗಣಪತಿಯ ಹೊತ್ತಿಗೆ ಅಣ್ಣನಿಗೆ ಲಕ್ವಾ ಹೊಡೆದಿರಲಿಲ್ಲ; ಮರುವರ್ಷದ ಗಣಪತಿಯ ಹೊತ್ತಿಗೆ ಅವನು ಇಡೀ ವಾಕ್ಯಗಳಲ್ಲಿ ನನ್ನ ಬೆಸುಗೆಯನ್ನು ಬೈಯುತ್ತಿದ್ದ. ಆದ್ದರಿಂದ ಈ ಟೇಪು ೧೯೯೬ರ ಭಾದ್ರಪದದ್ದೇ, ಮುಚ್ಚಳದ ಬರಹಕ್ಕಿಂತ ಎರಡು ತಿಂಗಳು ಹಿಂದಿನದು. ಅಷ್ಟೂ ರವಿವಾರ ಅಣ್ಣ ಪದಗಳನ್ನು ಬಾಯಲ್ಲಿಟ್ಟುಕೊಂಡೇ ನನಗೆ ಬೆರಳಿನಿಂದ ಪಾಠ ಹೇಳಿದ್ದ. ಕಣ್ಣೆದುರೇ ಒಂದು ಹೊಸ ಟ್ರಾನ್ಸಿಸ್ಟರು ಸುಟ್ಟುಹೋಗುವುದನ್ನು ಮಾತ್ರ ಅವನ ಕಸುಬಿನ ಮನಸ್ಸು ಸಹಿಸಲಾರದೆ ಹೋಯಿತು.

ಮಾತು ಬಂದ ಮೇಲೆಯೂ, ಅಣ್ಣ ಇರುವವರೆಗೆ ನಾನು ರವಿವಾರ ತಪ್ಪಿಸಲಿಲ್ಲ. ‘ನಿಮ್ಮ ಅನುಮಾನ ಸುಳ್ಳಾಯಿತು, ವೈನಿ’ ಎಂದು ತಿಳಿಸೋಣವೆಂದರೆ ಈಗ ಅವರೂ ಇಲ್ಲ.

ಮುಚ್ಚಳ ತೆಗೆದು, ತಿದ್ದಬೇಕೆಂದು ಪೆನ್ಸಿಲ್ ಹಿಡಿದು ಕುಳಿತೆ. ಬಿಗಿದ ಟ್ರಾನ್ಸಿಸ್ಟರಿನ ಅಂಚಿನಿಂದ ಅಭ್ರಕದ ಹಾಳೆ ಕೂದಲೆಳೆಯಷ್ಟು ಹೊರಗೆ ಹೊಳೆಯುತ್ತಿತ್ತು. ಬರಹವನ್ನು ಇದ್ದಂತೆಯೇ ಬಿಟ್ಟು ಮುಚ್ಚಳ ಹಾಕಿದ್ದೇನೆ. ಆದರೆ ಓದುವವರು ಗಮನಿಸಬೇಕು: ೧೯೯೬ರ ನವೆಂಬರ್ ೨೪ರ ಈ ದಾಖಲೆಯನ್ನು ಅದೇ ವರ್ಷದ ಗಣೇಶ ವಿಸರ್ಜನೆಯ ದಿನದ ಧ್ವನಿಮುದ್ರಣವೊಂದು ಅಲ್ಲಗಳೆಯುತ್ತದೆ. ಅದರ ಪ್ರಕಾರ ಮೊದಲ ಮಾತು ‘ಮೈಕಾ’ ಅಲ್ಲ. ಆ ಟೇಪಿನಲ್ಲಿ ಅಣ್ಣ ಕೇಳುವ ಒಂದೇ ಪ್ರಶ್ನೆ ನಾನು ಬರುತ್ತೇನೆಯೇ ಎಂಬುದು.