ಬೀಳಿಸಲೆಂದೇ ಮಾಡಿದ ಟಾಕಿ

ಆ ಟಾಕಿಗೆ ನಾನು ಕೊಟ್ಟದ್ದು ಹದಿನಾಲ್ಕು ಸಾವಿರ. ಬೆಟಗೇರಿಯ ನನ್ನ ಗುಜರಿ ಅಂಗಡಿಗೆ ತರಿಸಲು ಲಾರಿ ಬಾಡಿಗೆ ಎರಡು ಸಾವಿರ. ಯುದ್ಧವಿಮಾನದ ರೆಕ್ಕೆಯ ಕೆಳಗೆ ತೂಗುಹಾಕುವ ಹೆಚ್ಚುವರಿ ಇಂಧನದ ಟಾಕಿ, ಹರಾಜಿನ ಮಾಲು. ಮಿಲಿಟರಿ ಮಾಲೆಂದರೆ ಜನ ದುಪ್ಪಟ್ಟು ಕೊಡುತ್ತಾರೆ, ಹೊಲದಲ್ಲಿ ನೀರು ತುಂಬಿಡಲು ಒಯ್ಯುತ್ತಾರೆ ಎಂಬುದು ನನ್ನ ಲೆಕ್ಕ. ನಾಲ್ಕು ತಿಂಗಳು ಯಾರೂ ಒಯ್ಯಲಿಲ್ಲ. ಡಂಬಳದ ರೈತರೊಬ್ಬರು ಒಳಗೆ ಮೂಸಿ ನೋಡಿ, "ಇದರಾಗಿನ ನೀರು ಕುಡದ್ರ ನಮ್ಮ ಎಮ್ಮಿ ಹಾರಿ ಹೋಗ್ತಾವರಿ" ಎಂದು ನಕ್ಕು ಹೋದರು.

ಆಗಲೇ ಲಕ್ಷ್ಮೇಶ್ವರದ ಹಳೆಯ ಹತ್ತಿ ಮಿಲ್ಲಿನ ಮೋಟಾರುಗಳು ಮಾರಾಟಕ್ಕೆ ಬಂದವು. ಸಂಜೆಯೊಳಗೆ ಮುಂಗಡ ಕಟ್ಟಬೇಕು, ಕೈಯಲ್ಲಿ ಹತ್ತು ಸಾವಿರ ಕಡಿಮೆ. ಟಾಕಿಯನ್ನು ಅಲ್ಯುಮಿನಿಯಂ ತೂಕಕ್ಕೆ ಕೊಟ್ಟರೆ ಹನ್ನೊಂದು ಬರುತ್ತಿತ್ತು. ಐದು ಸಾವಿರ ಕಳೆದುಕೊಳ್ಳಲು ಮನಸ್ಸಿಲ್ಲ.

ಅಂದು ಚಹಾಕ್ಕೆ ಬಂದಿದ್ದ ಮುಂಡರಗಿಯ ಬೀಗರಿಗೆ ಇದನ್ನೆಲ್ಲ ಹೇಳಿದೆ. ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಟಾಕಿಯ ಮೇಲಿನ ಕೊಂಡಿಯನ್ನು ಸವರಿದರು.

"ಬೀಗರ, ಇದನ್ಯಾಕ ಕಾಯ್ಕೊಂಡು ಕುಂತೀರಿ? ಇದು ಬೀಳಸಾಕಂತನ ಮಾಡಿದ್ದು."

"ಸರಕಾರಕ್ಕ ಬೀಳಸೂದು ಸಸ್ತಾರಿ. ನನಗ ಹದಿನಾರು ಸಾವಿರ ಬಿದ್ದೈತಿ."

ಅವರು ಬಿಡಿಸಿ ಹೇಳಿದರು. ಮೊದಮೊದಲು ವಿಮಾನ ಹಾರುತ್ತಿದ್ದದ್ದು ವೈರಿಯ ದಂಡು ಎಲ್ಲಿದೆಯೆಂದು ನೋಡಿ ಬರಲು. ಆಮೇಲೆ ಬಂದೂಕು ಕೂರಿಸಿ, ಬೆನ್ನು ಹತ್ತಿ ಹೊಡೆಯುವ ಕಾಲ ಬಂತು. ಬಾಂಬು ಹಾಕುವ ವಿಮಾನಗಳಿಗೆ ಕಾವಲಾಗಿ ದೂರ ಹೋಗಬೇಕಾದಾಗ ಈ ಟಾಕಿ. ವೈರಿ ಕಂಡೊಡನೆ ಅದನ್ನು ಕಳಚಿ ಹಗುರಾಗುವುದು. ಕ್ಷಿಪಣಿ ಬಂದ ಮೇಲೆ ಬಂದೂಕು ಯಾಕೆಂದು ಕೆಲವರು ತೆಗೆದೇಬಿಟ್ಟರು, ಪೆಟ್ಟು ತಿಂದು ಮತ್ತೆ ಕೂರಿಸಿದರು. ಈಗ ಯಾರು ಮೊದಲು ನೋಡುತ್ತಾರೋ ಅವರದೇ ಗೆಲುವು. ಅದಕ್ಕೇ ಹೊಸ ವಿಮಾನಗಳು ರಡಾರಿಗೆ ಕಾಣದ ಹಾಗೆ ಶಸ್ತ್ರ, ಇಂಧನ ಎಲ್ಲವನ್ನೂ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತವೆ.

"ಟಾಕಿ ಬೀಳಸದ ಹಂಗ ಕಾದಾಡಾಕ ನಿಂತ್ರ?" ಎಂದೆ.

"ಟಾಕಿನೂ ಹೋಗತೈತಿ, ವಿಮಾನನೂ ಹೋಗತೈತಿ. ನಿಮ್ಮ ಮೋಟಾರ್ ಈಗ ಹೊಂಟಾವಲ್ಲ, ಹಂಗ. ಏಳ್ರಿ ಜಲ್ದಿ."

ಮಧ್ಯಾಹ್ನವೇ ಟಾಕಿ ತಕ್ಕಡಿ ಏರಿತು. ಜಗ್ಗಾಡಿ ಹನ್ನೊಂದೂವರೆ ಸಾವಿರಕ್ಕೆ ಒಪ್ಪಿಸಿದೆ. ಕೊಂಡಿಯನ್ನು ಮೊದಲೇ ಬಿಚ್ಚಿಟ್ಟು ಬೀಗರಿಗೆ ಕೊಟ್ಟೆ. ಇನ್ನೂರು ಕೇಳಿ ನೋಡಿದೆ, ಬೈದರು. ಐದು ಗಂಟೆಗೆ ಲಕ್ಷ್ಮೇಶ್ವರದಲ್ಲಿ ಮುಂಗಡ ಕಟ್ಟಿದೆ.

ನೀವೂ ಹಳೆಯ ಮಾಲು ಕೊಳ್ಳುವವರಾದರೆ, ಎಷ್ಟಕ್ಕೆ ಇಳಿದರೆ ಕೈಬಿಡಬೇಕೆಂದು ಕೊಳ್ಳುವ ದಿನವೇ ಗೋಡೆಯ ಮೇಲೆ ಬರೆದಿಡಿ. ಒಳ್ಳೆಯ ವ್ಯಾಪಾರ ಎದುರಿಗೆ ಬಂದಾಗ ನೀವು ಕೊಟ್ಟ ಬೆಲೆಯನ್ನು ನೆನೆಯಬೇಡಿ, ಇವತ್ತಿನ ಬೆಲೆ ಕೇಳಿ. ಮತ್ತೆ, ಟಾಕಿ ಯಾವುದೇ ಇರಲಿ, ರೊಕ್ಕ ಎಣಿಸುವ ಮೊದಲು ಒಮ್ಮೆ ಮೂಸಿ ನೋಡಿ.