ಸೂರಮ್ಮ ಬಿಡಿಸಿಕೊಟ್ಟ ಬಿತ್ತನೆ ಬೀಜ

ನಮ್ಮ ಸಿದ್ದಾಪುರದ ಕಡೆ ಬಿತ್ತನೆ ಶೇಂಗಾ ಬಿಡಿಸುವುದು ಹೆಂಗಸರ ಕೆಲಸ. ಮಿಷನ್ನಿಗೆ ಹಾಕಿದರೆ ಕಾಳು ಒಡೆಯುತ್ತದೆ, ಕೆಂಪು ಸಿಪ್ಪೆ ಕಿತ್ತುಹೋಗುತ್ತದೆ, ಅಂಥ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಹಾಗಾಗಿ ಮುಂಗಾರಿಗೆ ಮೊದಲು ಇವತ್ತು ಒಬ್ಬರ ಪಡಸಾಲೆ, ನಾಳೆ ಇನ್ನೊಬ್ಬರದು. ಕೈ ಕಾಯಿ ಬಿಡಿಸುತ್ತಿದ್ದರೆ ಬಾಯಿ ಊರವರ ಸಿಪ್ಪೆ ಸುಲಿಯುತ್ತಿರುತ್ತದೆ. ಅಲ್ಲಿ ಎಲ್ಲರಿಗಿಂತ ಜೋರು ಬಾಯಿ ನಮ್ಮ ಎದುರುಮನೆ ಸೂರಮ್ಮನದು. ಅವಳಿಲ್ಲದಿದ್ದರೆ ಹೊತ್ತೇ ಹೋಗುತ್ತಿರಲಿಲ್ಲ.

ಗಂಡ ಪಾಲಣ್ಣ ಬೋರ್‌ವೆಲ್ ಲಾರಿಯ ಜೊತೆ ಸೀಮೆ ಸೀಮೆ ತಿರುಗುವವನು. ಎರಡು ಸಾವಿರದ ಇಸವಿಯ ಆಸುಪಾಸು ಮನೆಗೆ ಬಂದಾಗ ಕಡ್ಡಿಯಾಗಿದ್ದ. ಆಸ್ಪತ್ರೆಯಲ್ಲಿ ಅವನ ರಕ್ತ ನೋಡಿದರು, ಆಮೇಲೆ ಅವಳದೂ ನೋಡಿದರು. ಅವನು ಮಣ್ಣಿಗೆ ಹೋದ, ಕೆಟ್ಟ ಹೆಸರು ಇವಳಿಗೆ ಅಂಟಿತು. ಏಡ್ಸ್ ಅಂತ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ‘ಆ ಕಾಯಿಲೆ’ ಅಂದರೆ ಸಾಕಿತ್ತು.

ಯಾರೂ ಅವಳನ್ನು ಬೈಯಲಿಲ್ಲ, ಬಡಿಯಲಿಲ್ಲ. ಬೀಜ ಬಿಡಿಸಲು ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ಕಾಯಿ ಒತ್ತಿ ಒತ್ತಿ ಹೆಬ್ಬೆರಳು ಸೀಳುತ್ತದಲ್ಲ, ಅದೇ ನೆಪ.

"ಅವಳ ರಕ್ತ ಬೀಜಕ್ಕೆ ತಾಗಿದ್ರೆ ಬೆಳೆಗೆಲ್ಲಾ ಬರ್ತೈತೆ" ಅಂದಳು ಬಸವಲಿಂಗಮ್ಮ.

ಬೆಳೆಗೆ ಏಡ್ಸ್ ಬರುವುದಂತೆ! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನರ್ಸಮ್ಮ ಬಂದು ಹಾಗೆಲ್ಲ ಅಂಟುವುದಿಲ್ಲ ಅಂತ ಬಿಡಿಸಿ ಹೇಳಿದರು. ಎಲ್ಲರೂ ಹೂಂಗುಟ್ಟಿದರು, ಒಬ್ಬರೂ ಕರೆಯಲಿಲ್ಲ.

ಪಕ್ಕದ ಪಡಸಾಲೆಯ ನಗು ಕೇಳುತ್ತಾ ಸೂರಮ್ಮ ತನ್ನ ಜಗಲಿಯ ಮೇಲೆ ಕೂತಿರುತ್ತಿದ್ದಳು. "ಕೂಲಿ ಹೋದ್ರೆ ಹೋಗ್ಲಿ ಕಣಣ್ಣ, ನನ್ನ ಕೈಯಾಗಿನ ಬೀಜ ಯಾರ್ದಾದ್ರೂ ಹೊಲಕ್ಕೆ ಬಿದ್ರೆ ಸಾಕು" ಅಂದಳು ಒಮ್ಮೆ.

ಮರುವರ್ಷ ಅವಳ ಅಕ್ಕ ಕೆಂಚಕ್ಕ, ನಮ್ಮೂರಿಗೇ ಕೊಟ್ಟವಳು, ಒಂದು ಚೀಲ ಕಾಯಿ ತಂದಿಳಿಸಿದಳು. "ಮನೇಲೇ ಕುಂತು ಬಿಡ್ಸಿ ಕೊಡೇ" ಅಂದಳು. ಸೂರಮ್ಮನಿಗೆ ಹಬ್ಬ ಬಂದಂತಾಯಿತು. ಹಳೇ ಸೀರೆ ಹರಿದು ಬೆರಳಿಗೆಲ್ಲ ಸುತ್ತಿಕೊಂಡಳು. ಕೆಮ್ಮುತ್ತಾ, ನಡುನಡುವೆ ಒರಗಿಕೊಳ್ಳುತ್ತಾ ಅಷ್ಟನ್ನೂ ಬಿಡಿಸಿದಳು. "ನೋಡಣ್ಣ, ಒಂದು ಕಾಳಿನ ಸಿಪ್ಪೇನೂ ಹೋಗಿಲ್ಲ" ಅಂತ ಬೊಗಸೆ ತುಂಬಾ ತೋರಿಸಿದಳು.

ಕೆಂಚಕ್ಕನ ಗಂಡ ಜುಂಜಣ್ಣ ಅದನ್ನು ಬಿತ್ತಲು ಬಿಡಲಿಲ್ಲ. ಚೀಲ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೋಯಿತು. ಇವನ ಹೊಲದ ಮಣ್ಣಿಗೆ ಆಗದ ಬೀಜ ಮಂದಿಯ ಒಗ್ಗರಣೆಗೆ ಆಯಿತು. ಬುದ್ಧಿಗೆ ಬೆಂಕಿ ಹಾಕ! ಹೊಲಕ್ಕೆ ಬೇರೆ ಬೀಜ ಬಿತ್ತಿದರು. ಕೆಂಚಕ್ಕನೇ ಇದನ್ನು ನನಗೆ ಹೇಳಿ ಅತ್ತಳು. "ಅವಳಿಗೆ ಮಾತ್ರ ಹೇಳಬ್ಯಾಡ ಕಣಣ್ಣ" ಅಂತ ಕೈ ಮುಗಿದಳು.

ಮಳೆ ಹದವಾಗಿ ಬಂತು. ಅಕ್ಕನ ಹೊಲ ಹಸಿರಾದ ಸುದ್ದಿ ಕೇಳಿದ್ದೇ ಸೂರಮ್ಮ ಕೋಲೂರಿಕೊಂಡು ಹೊರಟಳು. ಎಲ್ಲಿ ಬಿದ್ದಾಳೋ ಅಂತ ನಾನೂ ಜೊತೆಗೆ ಹೋದೆ. ಕೆಂಚಕ್ಕ ಕಳೆ ತೆಗೆಯುತ್ತಿದ್ದಳು. ಸೂರಮ್ಮ ಬದುವಿನಿಂದ ಇಳಿದು ಸಾಲಿನ ನಡುವೆ ಕೂತು ಎಳೆ ಎಲೆಗಳನ್ನು ನೇವರಿಸಿದಳು.

"ನೋಡಕ್ಕ, ನನ್ನ ಬೀಜ ಎಲ್ಲಾ ಹುಟ್ಟೈತೆ. ಬಸವಲಿಂಗಮ್ಮನ್ನ ಕರ್ಕಂಬಂದು ತೋರ್ಸು."

ಕೆಂಚಕ್ಕ ಕುಡುಗೋಲು ಬಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ತನ್ನ ಕಾಯಿಲೆ ನೆನೆದು ಅಳುತ್ತಿದ್ದಾಳೆ ಅಂದುಕೊಂಡಳು ಸೂರಮ್ಮ. ಮುಟ್ಟಬಹುದೋ ಬಾರದೋ ಅಂತ ಒಂದು ಗಳಿಗೆ ತಡೆದು, ಆಮೇಲೆ ಅಕ್ಕನ ಬೆನ್ನು ಸವರಿದಳು.

"ಅಳಬ್ಯಾಡ ಬಿಡಕ್ಕ. ಮುಂದಿನ ವರ್ಷ ಎರಡು ಚೀಲ ಕಳ್ಸು, ಬಿಡ್ಸಿ ಕೊಡ್ತೀನಿ."

ಸೂರಮ್ಮ ದೀಪಾವಳಿಯವರೆಗೂ ಉಳಿಯಲಿಲ್ಲ. ಆ ಸಲ ಶೇಂಗಾ ಕೀಳುವಾಗ ಕೆಂಚಕ್ಕ ಹೊಲಕ್ಕೆ ಕಾಲಿಡಲಿಲ್ಲ.