ಗೂಟ ಹಿಡಿದ ಕೈ

ಮಿಕ್ಸರ್ ತಿರುಗುವಾಗ ಯಾರಿಗೂ ಹಾಡು ಬರುವುದಿಲ್ಲ, ಗಮನಿಸಿದ್ದೀರಾ? ಕುಕನೂರಿನ ನಮ್ಮ ಮನೆಯಲ್ಲಿ ಸೊಸೆ ಗುಂಡಿ ಒತ್ತಿದಳೆಂದರೆ ನಾಯಿ ಎದ್ದು ಹೊರಗೆ ಹೋಗುತ್ತದೆ, ನಾನು ಮಾತು ನಿಲ್ಲಿಸುತ್ತೇನೆ. ಎರಡು ನಿಮಿಷದಲ್ಲಿ ಚಟ್ನಿ ತಯಾರು. ಗುಂಡಿ ಒತ್ತುವವಳು ಒಬ್ಬಳೇ. ಒತ್ತಿದಳೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವಿಲ್ಲ. ಬೀಸುಕಲ್ಲಿನ ಕಾಲದಲ್ಲಿ ಹಾಗಿರಲಿಲ್ಲ.

ನನ್ನನ್ನು ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿ ಬೀಸುಕಲ್ಲಿನ ಮುಂದೆ ಕೂಡಿಸಿದರು. ಆದ್ದರಿಂದ ಈ ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ಬೀಸುಕಲ್ಲಿನ ಮಾತು ಮಾತ್ರ ನಂಬಿ. ಕೆಳಗಿನ ಕಲ್ಲು ಅಲುಗುವುದಿಲ್ಲ, ಮೇಲಿನದು ತಿರುಗುತ್ತದೆ, ಅದರ ಅಂಚಿಗೊಂದು ಕಟ್ಟಿಗೆಯ ಗೂಟ. ಎದುರುಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ತಿರುಗಿಸಬೇಕು. ಕಲ್ಲಿನ ಮೈ ತರಿತರಿಯಾಗುವಂತೆ ಉಳಿಯಿಂದ ಹೊಸದಾಗಿ ಮುಳ್ಳು ಕಟೆಸಿದಾಗ ಕಲ್ಲು ಭಾರ. ದಿನ ಕಳೆದು ನುಣುಪಾದ ಹಾಗೆ ಹಗುರ.

ಆಗಿನ ಮನೆಗೆಲಸದಲ್ಲಿ ಮೈಗಳ್ಳರಿಗೆ ಭಾಳ ಕಷ್ಟ. ಬಾವಿಯಿಂದ ನೀರು ತಂದರೆ ಎಷ್ಟು ತಂದೆ ಎಂದು ಕೊಡವೇ ಹೇಳುತ್ತಿತ್ತು. ಒಲೆ ಸರಿಯಾಗಿ ಊದದಿದ್ದರೆ ಹೊಗೆ ಮನೆತುಂಬ ಚಾಡಿ ಹೇಳುತ್ತಿತ್ತು. ಸಾರಿಸದೆ ಬಿಟ್ಟ ಮೂಲೆ ನೆಲ ಒಣಗಿದ ಮೇಲೆ ಬೇರೆಯದೇ ಬಣ್ಣ ತೋರುತ್ತಿತ್ತು. ಬೀಸುಕಲ್ಲೊಂದೇ ಗುಟ್ಟು ಕಾಯುತ್ತಿದ್ದದ್ದು. ಗೂಟದ ಮೇಲೆ ಕೈ ಇದ್ದರೆ ಸಾಕು. ಕೈಯಲ್ಲಿ ಬಲವಿದೆಯೋ ಇಲ್ಲವೋ ನೋಡುವವರಿಗೆ ತಿಳಿಯದು.

ನನ್ನ ಕೈಯಲ್ಲಿ ಇರಲಿಲ್ಲ.

ಮನೆಯಲ್ಲಿ ಹನ್ನೊಂದು ಮಂದಿ. ದಿನಾ ನಸುಕಿಗೆ ಎದ್ದು ಜೋಳ ಬೀಸುವವರು ನಾನು ಮತ್ತು ನನಗಿಂತ ಮೂರು ವರ್ಷ ದೊಡ್ಡವಳಾದ ನೀಲಕ್ಕ. ಮೊದಮೊದಲು ನಿದ್ದೆಗಣ್ಣಿನಲ್ಲಿ ನನ್ನ ಕೈ ಸಡಿಲಾಗುತ್ತಿತ್ತು. ಆದರೂ ಕಲ್ಲು ನಿಲ್ಲಲಿಲ್ಲ. ನಿಂತಿದ್ದರೆ ನಾನು ಬೈಸಿಕೊಂಡು ಉದ್ಧಾರವಾಗುತ್ತಿದ್ದೆನೋ ಏನೋ. ಆಮೇಲೆ ಎಚ್ಚರವಿದ್ದಾಗಲೂ ನನ್ನ ಕೈ ಗೂಟದ ಮೇಲೆ ಸುಮ್ಮನೆ ಸವಾರಿ ಹೊರಟಿತು, ಬಂಡಿ ಹತ್ತಿ ಸಂತೆಗೆ ಹೋದ ಹಾಗೆ. ಅಕ್ಕನ ಮದುವೆಯಾಗುವತನಕ, ನಾಲ್ಕು ವರ್ಷ. ಉಸಿರು ಉಳಿದಿದ್ದರಿಂದ ಗಟ್ಟಿಯಾಗಿ ಹಾಡುತ್ತಿದ್ದೆ. ಅಕ್ಕನಿಗೆ ಪ್ರತಿ ಸಾಲಿನ ಕೊನೆಯ ಒಂದೆರಡು ಮಾತಷ್ಟೇ ದಕ್ಕುತ್ತಿದ್ದವು. ಅವ್ವ ಒಳಗಿನಿಂದ ಕೇಳಿ, ಗಿರ್ಜಿಯ ಕೊರಳು ಛಲೋ ಐತಿ, ನೀಲಿಗೆ ಹಾಡು ಒಲಿಯಲಿಲ್ಲ ಎನ್ನುತ್ತಿದ್ದಳು. ಮುಂದೆ ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡಲು ನನ್ನನ್ನೇ ಕರೆದರು. ನಾನು ಗಳಿಸಿದ ಹೆಸರೆಲ್ಲ ಅಕ್ಕನ ರಟ್ಟೆಯಿಂದ ಬಂದದ್ದು.

ಹೋದ ವರ್ಷ ಆ ರಟ್ಟೆ ಮೇಲೇಳದಾಯಿತು. ಅಕ್ಕ ತಲೆ ಬಾಚಿಕೊಳ್ಳಲಾರಳು, ಕುಪ್ಪಸ ತೊಡಲಾರಳು. ಯಲಬುರ್ಗಾದಿಂದ ಅವಳ ಮಗ ಕೊಪ್ಪಳಕ್ಕೆ ಕರೆದೊಯ್ದ. ನಾನೂ ಜೊತೆಗೆ ಹೋದೆ. ಭುಜದ ಕೀಲು ಸವೆದಿದೆ, ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟರು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು.

"ಬೀಸತಿದ್ವಿರಿ ಸಾಹೇಬ್ರ. ನಾನು, ನನ್ನ ತಂಗಿ. ಇಬ್ರೂ ಸರಿಪಾಲು," ಎಂದಳು ಅಕ್ಕ.

ಡಾಕ್ಟರು ನನಗೂ ಕೈ ಎತ್ತಲು ಹೇಳಿದರು. ನನ್ನ ಎರಡೂ ಕೈ ಹಗ್ಗ ಹಾಕಿ ಎಳೆದಂತೆ ಫ್ಯಾನಿನ ಕಡೆಗೆ ನೆಟ್ಟಗೆ ಹೋದವು. ಅವರು ಮೆಚ್ಚಿಕೊಂಡರು. "ಆಕಿದು ಮೊದಲಿಂದನೂ ಗಟ್ಟಿ ಮೈರಿ," ಎಂದು ಅಕ್ಕ ಹೆಮ್ಮೆಯಿಂದ ನಕ್ಕಳು. ಪೊಲೀಸರ ಮುಂದೆ ಕಳ್ಳರು ಹೀಗೆ ಕೈ ಎತ್ತುವುದನ್ನು ಟೀವಿಯಲ್ಲಿ ನೋಡಿದ್ದೇನೆ. ನನ್ನನ್ನು ಯಾರೂ ಹಿಡಿಯಲಿಲ್ಲ.

ಗಂಡನ ಮನೆಯಲ್ಲೂ ಅವಳು ಬೀಸಿದ್ದಾಳಲ್ಲ, ಹೊಲದಲ್ಲಿ ದುಡಿದಿದ್ದಾಳಲ್ಲ ಎಂದು ಬಸ್ಸಿನಲ್ಲಿ ಸಮಾಧಾನ ಹುಡುಕಿದೆ. ಸಿಕ್ಕ ಸಮಾಧಾನ ಕುಕನೂರು ಮುಟ್ಟುವತನಕವೂ ಉಳಿಯಲಿಲ್ಲ. ಬದುಕಿರುವಾಗಲೇ ಅವಳಿಗೆ ಹೇಳಿಬಿಡಬೇಕು ಎಂದುಕೊಂಡೆ.

ಈ ಸಲ ಪಂಚಮಿಗೆ ಅಕ್ಕ ನಮ್ಮ ಮನೆಗೆ ಬಂದಳು. ತವರಿನ ಬೀಸುಕಲ್ಲು ಈಗ ನನ್ನ ಹಿತ್ತಲಲ್ಲಿ, ವಾಷಿಂಗ್ ಮಷಿನ್ನಿನ ನೀರು ಬೀಳುವ ಜಾಗದಲ್ಲಿದೆ. ಅದನ್ನು ಕೊನೆಯ ಸಲ ಕಟೆಸಿದ ತಿಂಗಳೇ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು, ಆಮೇಲೆ ಬೀಸಿದವರಿಲ್ಲ. ಮೊಮ್ಮಗಳು ಕಲ್ಲು ತೊಳೆದು, ಮುಳ್ಳಿಗೆ ಬೆರಳು ತರಚಿಕೊಂಡು, ಪಡಸಾಲೆಗೆ ತರಿಸಿದಳು. ಅಜ್ಜಿಯರಿಬ್ಬರೂ ಬೀಸಬೇಕು, ತಾನು ಮೊಬೈಲಿನಲ್ಲಿ ಹಿಡಿಯಬೇಕು.

ಕುಳಿತೆವು. ಅಕ್ಕ ಎಡಗೈಯನ್ನು ಗೂಟದ ಮೇಲಿಟ್ಟಳು. ಅದರಲ್ಲೂ ಈಗ ಕಸುವಿಲ್ಲ. ನಾನು ಹಲ್ಲು ಕಚ್ಚಿ ತಿರುಗಿಸಿದೆ. ನಾಲ್ಕು ಸುತ್ತು ಬರುವಷ್ಟರಲ್ಲಿ ಎದೆ ಹಾರತೊಡಗಿತು. ಹಾಡ್ರಿ ಎಂದಳು ಮೊಮ್ಮಗಳು. ನನಗೆ ಉಸಿರಿರಲಿಲ್ಲ. ಅಕ್ಕ ಹಾಡಿದಳು. ಪೂರ್ತಿ ಸಾಲನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಕೊರಳು ನನ್ನದಕ್ಕಿಂತ ಛಲೋ ಇತ್ತು.

ಹಾಡು ಮುಗಿಸಿ ಕಲ್ಲಿನ ಮೇಲೆ ಕೈಯಾಡಿಸಿದಳು.

"ಎಷ್ಟ ಹಗರ ಆಗೈತಿ ನೋಡ ಗಿರ್ಜಿ. ಕಲ್ಲು ಸವದ ಹೋಗೈತಿ."

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಹೂಂ ಅಕ್ಕ, ಸವದೈತಿ," ಅಂದೆ.

ಆಮೇಲೆ ಸೊಸೆಗೆ ಮಿಕ್ಸರ್ ಹಾಕಲು ಹೇಳಿದೆ. ಅದು ತಿರುಗುವಷ್ಟು ಹೊತ್ತು ಯಾರೂ ಏನೂ ಹೇಳಬೇಕಾಗಿಲ್ಲ.